ಟ್ಯಾಂಕರ್ ಪರೀಕ್ಷೆಯ ಬೇಸಿಗೆ

ಕಳೆದ ವಾರ ತುಮಕೂರಿನಿಂದ ಬಂದವಳು ವಿಜಯನಗರದಲ್ಲಿ ಬಸ್ಸಿಳಿದು ನಮ್ಮ ಕ್ರಾಸಿನ ತಿರುವಿಗೆ ಬರುತ್ತಿದ್ದಂತೆ ಒಂದು ವಾಸನೆ ಮೂಗಿಗೆ ಬಡಿಯಿತು. ಬಿಸಿಲಲ್ಲಿ ಬಿದ್ದಿದ್ದ ರಬ್ಬರ್ ಪೈಪಿನೊಳಗೆ ಇದ್ದಕ್ಕಿದ್ದಂತೆ ನೀರು ನುಗ್ಗಿದಾಗ ಬರುತ್ತದಲ್ಲ, ಆ ವಾಸನೆ. ಎಲ್ಲೋ ಪೈಪು ಒಡೆದು ಎರಡು ದಿನದಿಂದ ನಲ್ಲಿಯಲ್ಲಿ ನೀರಿಲ್ಲವಂತೆ. ಹೊಂಗೆ ಮರದ ಕೆಳಗೆ ಟ್ಯಾಂಕರ್ ನಿಂತಿತ್ತು, ಅದರ ಹಿಂದೆ ಬಿಂದಿಗೆಗಳ ಸಾಲು. ಸಾಲಿನ ತಲೆಯಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಜಯಮ್ಮ.

"ಬಾರೇ ಡಿಬೇಟು! ಬರಿಗೈಲಿ ಬಂದ್ಯಾ? ದಾರೀಲಿ ಒಂದ್ ಬಿಂದಿಗೆ ಸಿಗಲಿಲ್ವಾ?" ಎಂದು ಅಲ್ಲಿಂದಲೇ ಕೂಗಿದರು.

ಐದು ವರ್ಷಗಳ ಹಿಂದೆ ಇದೇ ಮರದ ಕೆಳಗೆ ನಾನೊಂದು ಪರೀಕ್ಷೆ ನಡೆಸಿದ್ದೆ. ಜಯಮ್ಮನ ಕೂಗು ಕೇಳಿದಾಗಲೇ ಅದನ್ನು ಬರೆಯಬೇಕೆನ್ನಿಸಿತು.

ಆ ಬೇಸಿಗೆಯಲ್ಲಿ ನನಗೆ ಇಪ್ಪತ್ತು. ಬಿ.ಎ. ಓದುತ್ತಿದ್ದೆ. ಮನೆಯ ಷೋಕೇಸಿನಲ್ಲಿ ಅಮ್ಮನ ಚನ್ನಪಟ್ಟಣದ ಗೊಂಬೆಗಳನ್ನು ಮೂಲೆಗೆ ತಳ್ಳಿ ನನ್ನ ಚರ್ಚಾಸ್ಪರ್ಧೆಯ ಬಹುಮಾನಗಳು ಕುಳಿತಿದ್ದವು. ಸ್ಪರ್ಧೆಗಳಿಗೆ ಹೋದವರಿಗೆ ಗೊತ್ತು, ಯಾವ ಪಕ್ಷ ಎಂಬುದನ್ನು ಅಲ್ಲಿ ನಾವು ಆರಿಸಿಕೊಳ್ಳುವುದಿಲ್ಲ; ಚೀಟಿ ಎತ್ತಬೇಕು. 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ. ವರದಕ್ಷಿಣೆಯೊಂದನ್ನು ಬಿಟ್ಟು ಲೋಕದ ಎಲ್ಲ ಸಂಗತಿಗಳ ಪರವಾಗಿಯೂ ವಿರೋಧವಾಗಿಯೂ ನಾನು ಮಾತಾಡಿ ಮುಗಿಸಿದ್ದೆ. ಆ ವರ್ಷ ಒಂದು ಕಾಲೇಜಿನಲ್ಲಿ ಬಂದ ವಿಷಯ: ಜನನಾಯಕರಾಗುವವರಿಗೆ ಅರ್ಹತಾ ಪರೀಕ್ಷೆ ಕಡ್ಡಾಯವಾಗಬೇಕು. ನನಗೆ 'ಪರ' ಸಿಕ್ಕಿತು. "ಗುಮಾಸ್ತನಾಗುವುದಕ್ಕೆ ಪರೀಕ್ಷೆ, ಬಸ್ಸು ಓಡಿಸುವುದಕ್ಕೆ ಪರೀಕ್ಷೆ, ಊರು ಆಳುವುದಕ್ಕೆ ಮಾತ್ರ ಹಾರ ಒಂದಿದ್ದರೆ ಸಾಕೇ?" ಎಂದು ಕೇಳಿ ಚಪ್ಪಾಳೆ ಗಿಟ್ಟಿಸಿದೆ. ಬಹುಮಾನವೂ ಬಂತು. 'ವಿರೋಧ' ಸಿಕ್ಕಿದ್ದರೂ ಬರುತ್ತಿತ್ತು, ಆ ಮಾತು ಬೇರೆ. ಆದರೆ ಈ ಸಲ ಒಂದು ತೊಂದರೆಯಾಯಿತು. ವೇದಿಕೆ ಇಳಿದು, ಬಸ್ಸು ಹತ್ತಿ, ಮನೆ ಸೇರಿದ ಮೇಲೂ ನಾನು ನನ್ನ ಮಾತನ್ನೇ ನಂಬುತ್ತಿದ್ದೆ.

ಅಷ್ಟರಲ್ಲಿ ಕಾರ್ಪೊರೇಷನ್ ಚುನಾವಣೆಯ ಗಾಳಿ ಎದ್ದಿತು. ಪಕ್ಷಗಳವರು ಗೆದ್ದ ಮೇಲೆ ಈ ಕಡೆ ತಲೆ ಹಾಕುವುದಿಲ್ಲ, ಈ ಸಲ ನಮ್ಮವರೇ ಒಬ್ಬರನ್ನು ಸ್ವತಂತ್ರವಾಗಿ ನಿಲ್ಲಿಸೋಣ ಎಂದು ನಮ್ಮ ನಿವಾಸಿಗಳ ಸಂಘ ತೀರ್ಮಾನಿಸಿತು. ನಾವು ಆರಿಸಿದವರಿಗೆ ಅಕ್ಕಪಕ್ಕದ ಸಂಘಗಳೂ ಕೈ ಜೋಡಿಸುವುದೆಂದು ಮಾತಾಗಿತ್ತು. ಸಂಘದ ಕಾರ್ಯದರ್ಶಿ ನಮ್ಮಪ್ಪ. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್ ಆಗಿದ್ದರು. ಹಾಗಾಗಿ ಸಭೆ ನಮ್ಮ ಮನೆಯ ತಾರಸಿಯ ಮೇಲೆ.

ನಿಲ್ಲುತ್ತೇನೆ ಎಂದವರು ಮೂವರು. ಒಬ್ಬರು ಸೀತಾರಾಮ ಮೇಷ್ಟ್ರು, ನಿವೃತ್ತ ಹೆಡ್ಮಾಸ್ಟರ್. ನನಗೆ ಮಾತು ಕಲಿಸಿದವರೇ ಅವರು. ಕೈ ಎಲ್ಲಿಡಬೇಕು, ಎಲ್ಲಿ ಉಸಿರೆಳೆದುಕೊಳ್ಳಬೇಕು, ಸೋತಾಗ ತೀರ್ಪುಗಾರರಿಗೆ ಹೇಗೆ ಕೈ ಮುಗಿಯಬೇಕು, ಎಲ್ಲವನ್ನೂ. ಕಾರ್ಪೊರೇಷನ್ನಿನ ಕಾಯ್ದೆಯನ್ನು ಓದಿಕೊಂಡಿದ್ದ ಒಬ್ಬನೇ ಮನುಷ್ಯ ನಮ್ಮ ಬಡಾವಣೆಯಲ್ಲಿ. ನಿಲ್ಲಬೇಕೆಂಬ ಆಸೆ ಅವರಿಗೆ ಎಷ್ಟಿತ್ತೆಂದರೆ, ಹೊಸ ಜುಬ್ಬಾ ಹೊಲಿಸಿದ್ದರು. ಎರಡನೆಯವರು ದಾವಣಗೆರೆ ಕಡೆಯಿಂದ ಬಂದು ಬಟ್ಟೆ ಅಂಗಡಿ ಇಟ್ಟಿದ್ದ ಬಸವರಾಜಪ್ಪನವರು. ದೊಡ್ಡ ಕೈ, ದೊಡ್ಡ ನಗು. ಮೂರನೆಯವರು ಜಯಮ್ಮ.

ಜಯಮ್ಮನ ಗಂಡ ಬಿನ್ನಿಪೇಟೆಯ ಗಿರಣಿಯಲ್ಲಿದ್ದರು. ಜಯಮ್ಮ ವಿಮೆ ಏಜೆಂಟು. ಪಾಲಿಸಿ ಮಾಡಿಸುವ ನೆಪದಲ್ಲಿ ಪ್ರತಿ ಮನೆಯ ಅಡುಗೆಮನೆಯವರೆಗೆ ಹೋಗಿ ಬಂದಿದ್ದರು. ಅವರ ದನಿ ಒಂದು ಕ್ರಾಸಿನಿಂದ ಇನ್ನೊಂದಕ್ಕೆ ಸಲೀಸಾಗಿ ಕೇಳಿಸುತ್ತಿತ್ತು. ನಮ್ಮಮ್ಮನ ಹತ್ತಿರ, "ನಿಮ್ಮ ಹುಡುಗೀಗೆ ಗಂಡು ಹುಡುಕೋವಾಗ ಸ್ವಲ್ಪ ಕಿವಿ ಮಂದ ಇರೋನ್ನೇ ನೋಡ್ರೀ" ಎಂದಿದ್ದರು. ಆವತ್ತಿನಿಂದ ನಮ್ಮಿಬ್ಬರ ನಡುವೆ ಮಾತುಂಟು, ಸ್ನೇಹವಿಲ್ಲ.

ತಾರಸಿಯ ಮೇಲೆ ಗದ್ದಲ ಶುರುವಾಯಿತು. ಮೇಷ್ಟ್ರು ಓದಿದೋರು ಎಂದರು ಕೆಲವರು. ಬಸವರಾಜಪ್ಪನೋರು ಕೊಡುಗೈ ಎಂದರು ಕೆಲವರು. ಜಯಮ್ಮನ ಪರ ಮಾತಾಡಲು ಜಯಮ್ಮ ಒಬ್ಬರೇ ಸಾಕಾಗಿದ್ದರು. ಆಗ ಅಪ್ಪ ಹೇಳಿದರು: "ನಮ್ಮ ವರ್ಕ್‌ಶಾಪಲ್ಲಿ ಟರ್ನರ್ ಬೇಕು ಅಂದ್ರೆ ಬಾಯಿಮಾತು ಕೇಳಲ್ಲ. ಒಂದು ರಾಡು, ಒಂದು ಡ್ರಾಯಿಂಗ್ ಕೈಗೆ ಕೊಡ್ತಾರೆ. ಮಾಡಿ ತೋರ್ಸು ಅಂತಾರೆ. ಟ್ರೇಡ್ ಟೆಸ್ಟು."

ನಾನು ಎದ್ದು ನಿಂತೆ. ಸಂಘದ ಸದಸ್ಯೆಯಲ್ಲ, ಓಟಿಗೆ ಇಪ್ಪತ್ತೊಂದು ತುಂಬಬೇಕಿದ್ದ ಕಾಲವಾದ್ದರಿಂದ ಮತದಾರಳೂ ಅಲ್ಲ. ಆದರೂ ನಿಂತೆ.

"ಹಾಗಾದ್ರೆ ಇವರಿಗೂ ಟ್ರೇಡ್ ಟೆಸ್ಟ್ ಕೊಡಿ. ಮಂಗಳವಾರ, ಶುಕ್ರವಾರ ಟ್ಯಾಂಕರ್ ಬರುತ್ತಲ್ಲ, ಒಬ್ಬೊಬ್ಬರಿಗೆ ಒಂದೊಂದು ವಾರ ವಹಿಸಿ. ಮೂವರಿಗೂ ಒಂದೇ ಪ್ರಶ್ನೆಪತ್ರಿಕೆ. ನಲವತ್ತು ಮನೆಗೆ ಸರಿಯಾಗಿ ನೀರು ಹಂಚೋಕಾಗದೋರು ವಾರ್ಡನ್ನ ಏನು ನೋಡ್ಕೋತಾರೆ?"

ಯಾರೋ ಚಪ್ಪಾಳೆ ತಟ್ಟಿದರು. ಜಯಮ್ಮ ಮಾತ್ರ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. "ಪರೀಕ್ಷೆ ಸರಿ ಕಣೇ ಡಿಬೇಟು. ಮಾರ್ಕ್ಸ್ ಹಾಕೋರ್ಯಾರು? ನೀನಾ?"

ನಿಜ ಹೇಳಬೇಕೆಂದರೆ ನಾನೇ ಎಂದುಕೊಂಡಿದ್ದೆ. ಆದರೆ ಎದುರಾಳಿ ಪ್ರಶ್ನೆ ಎಸೆದಾಗ ಒಂದು ಕ್ಷಣವೂ ತಡವರಿಸಬಾರದೆಂದು ಮೇಷ್ಟ್ರೇ ಹೇಳಿಕೊಟ್ಟಿದ್ದರು. "ಬಿಂದಿಗೆ ಹಿಡಿದು ನಿಂತೋರು ಹಾಕ್ತಾರೆ, ಆಂಟಿ. ಮನೆಗೊಂದು ಮಾರ್ಕು," ಎಂದೆ. ಜೊತೆಗೆ ಜೋಷಿಗೆ ಬಿದ್ದು, "ಯಾರು ಪಾಸಾಗ್ತಾರೋ ಅವರ ಪರವಾಗಿ ಬೀದಿ ಬೀದೀಲಿ ನಿಂತು ಭಾಷಣ ಮಾಡೋಳು ನಾನು. ಇದು ನನ್ನ ಮಾತು," ಎಂದೂ ಸೇರಿಸಿದೆ.

ಮೇಷ್ಟ್ರು ಗೆಲ್ಲುತ್ತಾರೆಂದು ನನಗೆ ಅಷ್ಟು ಖಾತ್ರಿಯಿತ್ತು.

ಮೊದಲ ವಾರ ಬಸವರಾಜಪ್ಪನವರದು. ಟ್ಯಾಂಕರ್ ಬರುವ ಮೊದಲೇ ಅವರು ತಮ್ಮ ಖರ್ಚಿನಲ್ಲಿ ಇನ್ನೊಂದು ಖಾಸಗಿ ಟ್ಯಾಂಕರ್ ತರಿಸಿ ಬೀದಿಯ ಇನ್ನೊಂದು ತುದಿಯಲ್ಲಿ ನಿಲ್ಲಿಸಿದರು. ನೀರೋ ನೀರು. ಜನ ಬಿಂದಿಗೆ ಮುಗಿದು ಬಕೆಟ್ಟು, ಬಕೆಟ್ಟು ಮುಗಿದು ಪಾತ್ರೆ ತುಂಬಿಸಿಕೊಂಡರು. ಯಾರೋ ಸ್ಕೂಟರ್ ಕೂಡ ತೊಳೆದರು. ಉಳಿದದ್ದು ಅವರ ಮನೆಯ ನೆಲದಡಿಯ ಸಂಪಿನೊಳಗೆ ಹೋಯಿತು.

"ಇದು ಸಾಮರ್ಥ್ಯ ಅಲ್ಲ ಸಾರ್, ಸಂಪತ್ತು," ಎಂದು ನಾನು ಆಕ್ಷೇಪ ಎತ್ತಿದೆ.

"ಏನವಾ ತಂಗಿ, ನೀರು ಬಂತಿಲ್ಲೋ? ಅಷ್ಟು ಹೇಳು ಮೊದ್ಲು," ಎಂದು ಹೊಟ್ಟೆ ಕುಣಿಸಿ ನಕ್ಕರು.

"ಬಂತು. ಇಡೀ ವಾರ್ಡಿಗೆ ದಿನಾ ಹೀಗೆ ತರಿಸ್ತೀರಾ?"

"ಅಂಗಡಿ ಮುಚ್ಚಬೇಕಾಗ್ತದಲ್ಲವಾ!" ಎಂದು ಇನ್ನೂ ಜೋರಾಗಿ ನಕ್ಕರು. ಅವರೊಡನೆ ವಾದಿಸುವುದೇ ಕಷ್ಟ. ಸೋತರೂ ಸಂತೋಷಪಡುವ ಮನುಷ್ಯನನ್ನು ಸೋಲಿಸಿ ಏನು ಸುಖ?

ಎರಡನೆಯ ವಾರ ಮೇಷ್ಟ್ರದು. ಹಿಂದಿನ ಭಾನುವಾರ ಅವರ ಜಗಲಿಯಲ್ಲಿ ಕೂತು ನಾವಿಬ್ಬರೂ ಯೋಜನೆ ಹಾಕಿದೆವು. ಪರೀಕ್ಷೆ ಇಟ್ಟವಳು ಅಭ್ಯರ್ಥಿಯ ಜಗಲಿಯಲ್ಲಿ ಏನು ಮಾಡುತ್ತಿದ್ದಳು ಎಂದು ನೀವು ಕೇಳಬಹುದು. ಜಯಮ್ಮ ಆಗಲೇ ಕೇಳಿ ಆಗಿತ್ತು. ನಮ್ಮ ತತ್ತ್ವ ಸರಳ: ಎಲ್ಲರಿಗೂ ಸಮಾನ ಅವಕಾಶ. ಮನೆಮನೆಗೆ ಸೀಮೆಸುಣ್ಣದಲ್ಲಿ ನಂಬರು. ನಂಬರು ಕೂಗಿದಾಗ ಬಂದು ಪೈಪಿನ ಕೆಳಗೆ ಬಿಂದಿಗೆ ಹಿಡಿಯಬೇಕು. ಪ್ರತಿ ಮನೆಗೂ ಒಂದೇ ಅಳತೆಯ ಸಮಯ. ಸಮಯ ಮುಗಿಯುವ ಮುಂಚೆ ಒಂದು ಎಚ್ಚರಿಕೆಯ ಗಂಟೆ, ಮುಗಿದಾಗ ಎರಡು ಗಂಟೆ. ಸ್ಪರ್ಧೆಯಲ್ಲಿ ನಡೆಯುವ ಹಾಗೇ. ಮೇಷ್ಟ್ರ ಸ್ಕೂಲಿನ ಹಳೆಯ ಹಿತ್ತಾಳೆ ಗಂಟೆ ನನ್ನ ಕೈಗೆ ಬಂತು.

ಮಂಗಳವಾರ ಎಷ್ಟು ಚೆನ್ನಾಗಿ ಶುರುವಾಯಿತೆಂದರೆ! ಬೀದಿಯ ಚರಿತ್ರೆಯಲ್ಲೇ ಮೊದಲ ಬಾರಿಗೆ ನೀರಿಗಾಗಿ ಜನ ಗೆರೆ ಎಳೆದಂತೆ ನಿಂತರು. ಮೇಷ್ಟ್ರು ಹೊಸ ಜುಬ್ಬಾದಲ್ಲಿ ನಂಬರು ಕೂಗುತ್ತಿದ್ದರು. ನಾನು ಗಡಿಯಾರ ನೋಡುತ್ತಾ ಠಣ್ ಎನ್ನಿಸುತ್ತಿದ್ದೆ. ಮೊದಲಿನವರು ಒಂದೊಂದು ಸರದಿಯಲ್ಲಿ ನಾಲ್ಕು ಬಿಂದಿಗೆ ತುಂಬಿಸಿಕೊಂಡು, "ಮೇಷ್ಟ್ರು ಅಂದ್ರೆ ಮೇಷ್ಟ್ರು" ಎಂದು ಹೊಗಳುತ್ತಾ ಹೋದರು. ನಡುವಿನವರಿಗೆ ಮೂರು ಸಿಕ್ಕಿತು. ಬಿಸಿಲೇರಿತು, ಟ್ಯಾಂಕರಿನ ಹೊಟ್ಟೆ ಇಳಿಯಿತು, ಪೈಪಿನ ಧಾರೆ ಹೆಬ್ಬೆರಳಿನಷ್ಟಿದ್ದದ್ದು ಕಿರುಬೆರಳಿನಷ್ಟಾಯಿತು. ಗಂಟೆ ಮಾತ್ರ ನಿಖರವಾಗಿ ಹೊಡೆಯುತ್ತಲೇ ಇತ್ತು.

ಕೊನೆಯ ನಂಬರು ಜಯಮ್ಮನದು. ಪೈಪಿನ ಕೆಳಗೆ ಬಿಂದಿಗೆ ಇಟ್ಟು ನನ್ನ ಮುಖವನ್ನೇ ನೋಡುತ್ತಾ ನಿಂತರು. ನಾನು ಠಣ್ ಎಂದೆ. ಆಮೇಲೆ ಠಣ್ ಠಣ್ ಎಂದೆ. ಜಯಮ್ಮ ಬಿಂದಿಗೆ ಎತ್ತಿ, ಎಲ್ಲರಿಗೂ ಕಾಣುವಂತೆ ಬಗ್ಗಿಸಿದರು. ಅರ್ಧಕ್ಕೂ ಕಡಿಮೆ.

"ಗಂಟೆ ಏನೋ ಹೊಡೀತು ಕಣೇ, ನನ್ ಬಿಂದಿಗೆಗೆ ಕೇಳಿಸ್ಲಿಲ್ಲ! ಮೇಷ್ಟ್ರೇ, ಭಾಷಣಕ್ಕಾದ್ರೆ ಸಮಾನ ಟೈಮು ಕೊಡಿ. ನೀರಿಗೆ ಸಮಾನ ನೀರು ಕೊಡಬೇಕಲ್ವಾ?"

ಇಡೀ ಬೀದಿ ನಕ್ಕಿತು. ಮೊದಲು ನಕ್ಕವರು ಮೇಷ್ಟ್ರು. ನನಗೆ ಮಾತ್ರ ನಗು ಬರಲಿಲ್ಲ. ಟ್ಯಾಂಕರ್ ಖಾಲಿಯಾದಂತೆ ಧಾರೆ ಸಣ್ಣಗಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿಲ್ಲದ ಸಂಗತಿಯೇನಲ್ಲ. ವರ್ಷಗಟ್ಟಲೆ ಅದೇ ಪೈಪಿನ ಮುಂದೆ ನಿಂತವರು ನಾವು. ಆದರೆ ನ್ಯಾಯ ಎಂದ ಕೂಡಲೇ ನಮಗೆ ನೆನಪಾದದ್ದು ವೇದಿಕೆ, ಗಂಟೆ.

ಶುಕ್ರವಾರ ತಿದ್ದಿಕೊಂಡೆವು. ಗಂಟೆ ಮನೆಯಲ್ಲಿ ಬಿಟ್ಟು ಬಿಂದಿಗೆ ಲೆಕ್ಕ ಹಿಡಿದೆವು. ಆದರೆ ಆವತ್ತು ಟ್ಯಾಂಕರ್ ಬಂದದ್ದು ಗಂಡಸರು ಕೆಲಸಕ್ಕೆ, ಮಕ್ಕಳು ಸ್ಕೂಲಿಗೆ ಹೋದ ಮೇಲೆ. ಮೇಷ್ಟ್ರು ಕ್ರಮ ತಪ್ಪಿಸುವವರಲ್ಲ. "ಹದಿನೇಳು! ಹದಿನೇಳು ಯಾರು? ಹದಿನೇಳು ಗೈರುಹಾಜರೋ?" ಎಂದು ಕೂಗುತ್ತಾ ನಿಂತರು. ಹದಿನೆಂಟು ಬಿಸಿಲಲ್ಲಿ ಬೇಯುತ್ತಿತ್ತು. ಡ್ರೈವರ್ ನಂಜುಂಡ, "ಸಾರ್, ನೀವು ಹಾಜರಿ ಮುಗ್ಸಿ, ನಾನು ಇನ್ನೊಂದು ಬೀದಿ ನೋಡ್ಕೊಂಡ್ ಬರ್ತೀನಿ," ಎಂದು ಗಾಡಿ ಚಾಲೂ ಮಾಡಿದ. ಅವನನ್ನು ಹಿಡಿದು ನಿಲ್ಲಿಸುವಷ್ಟರಲ್ಲಿ ಸಾಕಾಯಿತು.

ಮೂರನೆಯ ವಾರ ಜಯಮ್ಮನದು. ಸೋಮವಾರ ಸಂಜೆಯೇ ಅವರು ಟ್ಯಾಂಕರ್ ತುಂಬಿಸುವ ಜಾಗಕ್ಕೆ ಹೋಗಿ ನಂಜುಂಡನನ್ನು ಹಿಡಿದಿದ್ದರು. "ಬೇರೆ ಬೀದೀಲಿ ಟೀ ಕೊಡ್ತಾರೆ ಅಂತ ಅಲ್ಲಿಗೆ ಮೊದಲು ಹೋಗ್ತೀಯಂತೆ. ನಾಳೆ ಆರು ಗಂಟೆಗೆ ನಮ್ಮಲ್ಲಿಗೆ ಬಾ. ಇಡ್ಲಿ ಹಾಕ್ತೀನಿ." ಮಂಗಳವಾರ ಆರಕ್ಕೆ ಟ್ಯಾಂಕರ್ ಹೊಂಗೆ ಮರದ ಕೆಳಗಿತ್ತು. ಎಲ್ಲರೂ ಇನ್ನೂ ಮನೆಯಲ್ಲೇ ಇದ್ದರು.

ಮೊದಲ ಸುತ್ತು ಮನೆಗೆ ಎರಡೇ ಬಿಂದಿಗೆ. ಉಳಿದದ್ದನ್ನು ಎರಡನೆಯ ಸುತ್ತಿನಲ್ಲಿ, ಸಾಲಿನ ಬಾಲದಿಂದ ಶುರು ಮಾಡಿ ಹಂಚಿದರು. ಇದರ ನಡುವೆ ಆಗಬೇಕಾದ ಜಗಳಗಳೆಲ್ಲ ಆದವು. ಮೂರನೆಯ ಬಿಂದಿಗೆಯನ್ನು ಕಾಲಿಂದ ಮುಂದೆ ತಳ್ಳಿದ ನಮ್ಮಮ್ಮನಿಗೆ, "ಸೆಕ್ರೆಟರಿ ಹೆಂಡ್ತಿ ಅಂತ ನೀರೇನು ಜಾಸ್ತಿ ಕುಡೀತೀರೇನ್ರೀ?" ಎಂದರು. ಅಮ್ಮ ಎರಡು ದಿನ ಅವರ ಜೊತೆ ಮಾತು ಬಿಟ್ಟರು.

ಶುಕ್ರವಾರ ಎಡವಟ್ಟಾಯಿತು. ಟ್ಯಾಂಕರ್ ಬಂದದ್ದೇ ಅರ್ಧ. ದಾರಿಯಲ್ಲಿ ಕವಾಟ ಸೋರಿ ಉಳಿದರ್ಧ ಮಾಗಡಿ ರಸ್ತೆಯ ಪಾಲಾಗಿತ್ತು. ಒಳಗೊಳಗೇ ನನಗೆ ಖುಷಿ. ಈಗ ನೋಡೋಣ, ಮಾರ್ಕ್ಸು ಕೊಡೋರ ಮುಂದೆ ಏನು ಮಾಡ್ತೀರಿ ಅಂತ.

ಜಯಮ್ಮ ಟ್ಯಾಂಕರಿನ ಹಿಂಬದಿಯ ಮೆಟ್ಟಿಲು ಹತ್ತಿ ನಿಂತರು. "ಎಲ್ಲಾರ್ಗೂ ಸಿಗಲ್ಲ ಇವತ್ತು. ಕೂಸಿರೋ ಮನೆ, ಕಾಯಿಲೆ ಇರೋ ಮನೆ ಮೊದಲು ಬನ್ನಿ. ಯಾರ್ಯಾರು ಅಂತ ನಂಗೊತ್ತು, ನಾಟಕ ಬೇಡ. ಬಸವರಾಜಪ್ಪನೋರೇ, ನಿಮಗಿಲ್ಲ, ಸಂಪಲ್ಲಿ ಇನ್ನೂ ಇದೆ. ಡಿಬೇಟು, ನಿಮ್ಮನೆಗೆ ಒಂದೇ. ಮೇಷ್ಟ್ರೇ, ನಿಮ್ಮನೇಲಿ ಇಬ್ರೇ ಇರೋದು, ನಿಮಗೂ ಒಂದೇ."

"ಅಲ್ಲವ್ವಾ, ನಾಳಿದ್ದು ಮಾರ್ಕು ಹಾಕೋ ಮಂದಿಗೆ ಹಿಂಗ ಮುಖದ ಮ್ಯಾಲೆ ಇಲ್ಲ ಅಂತಿಯಲ್ಲ!" ಎಂದು ಬಸವರಾಜಪ್ಪನವರು ಬೆರಗಾದರು.

"ಇರೋದು ಇಷ್ಟೇ ಸ್ವಾಮಿ. ಬೆನ್ನ ಹಿಂದೆ ಇಲ್ಲ ಅನ್ನೋಕಿಂತ ಮುಖದ ಮೇಲೆ ಅಂದ್ರೆ ಒಂದ್ಸಲಕ್ಕೆ ಮುಗೀತದೆ."

ಗೊಣಗಿದರು, ಬೈದರು, ಒಬ್ಬರಂತೂ ಖಾಲಿ ಬಿಂದಿಗೆಯನ್ನು ನೆಲಕ್ಕೆ ಕುಕ್ಕಿ ಹೋದರು. ಆದರೆ ಸಾಲು ಒಡೆಯಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಜಯಮ್ಮ ನಿಂತಿದ್ದರು, ಕೈಯಲ್ಲಿ ಚೊಂಬು. "ಕುಡಿಯೋಕೆ ಒಂದ್ ಚೊಂಬು ಕೊಡೇ. ನಮ್ಮೋರು ಷಿಫ್ಟ್ ಮುಗ್ಸಿ ಬರ್ತಾರೆ." ಅವರ ಮನೆಗೆ ಒಂದು ಹನಿಯೂ ಉಳಿದಿರಲಿಲ್ಲ. ಹಾಗೆಂದು ಅವರು ಬಾಯಿ ಬಿಟ್ಟು ಹೇಳಲಿಲ್ಲ. ಅಮ್ಮ ನಮ್ಮ ಒಂದೇ ಬಿಂದಿಗೆಯಿಂದ ಚೊಂಬಿನ ತುಂಬ ಬಗ್ಗಿಸಿದರು.

ಭಾನುವಾರ ಬೆಳಿಗ್ಗೆ ತೀರ್ಪು. ಅಪ್ಪ ಹೊಂಗೆ ಮರದ ಕೆಳಗೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಮೂರು ವೃತ್ತ ಎಳೆದು, ಒಂದೊಂದರ ಪಕ್ಕ ಒಬ್ಬೊಬ್ಬರನ್ನು ನಿಲ್ಲಿಸಿದರು. ಮನೆಗೊಂದು ಖಾಲಿ ಬಿಂದಿಗೆ. ಯಾರು ಪಾಸೋ ಅವರ ವೃತ್ತದಲ್ಲಿಡಬೇಕು. ಆಗ ನನಗೆ ಹೊಳೆಯಿತು: ಚುನಾವಣೆ ಸಾಲದು, ಪರೀಕ್ಷೆ ಬೇಕು ಎಂದು ಹೊರಟವಳು ತಿರುಗಿ ಚುನಾವಣೆಗೇ ಬಂದು ನಿಂತಿದ್ದೆ. ವಿರೋಧಪಕ್ಷದಲ್ಲಿ ನಾನೇ ಇದ್ದಿದ್ದರೆ ಇದೊಂದೇ ಮಾತಿನಿಂದ ನನ್ನನ್ನು ಉರುಳಿಸುತ್ತಿದ್ದೆ. ಆದರೆ ಒಂದು ವ್ಯತ್ಯಾಸ ಇತ್ತೆಂದು ಈಗಲೂ ವಾದಿಸುತ್ತೇನೆ. ಇಲ್ಲಿ ಜನ ಕೇಳಿ ಆರಿಸುತ್ತಿರಲಿಲ್ಲ, ನೋಡಿ ಆರಿಸುತ್ತಿದ್ದರು.

ಅಮ್ಮ ಬಿಂದಿಗೆಯನ್ನು ನನ್ನ ಸೊಂಟಕ್ಕೆ ತಳ್ಳಿದರು. "ನೀನೇ ಶುರು ಮಾಡಿದ್ದು, ನೀನೇ ಇಟ್ಟು ಬಾ."

ಮರದವರೆಗಿನ ದಾರಿ ಚಿಕ್ಕದು. ಒಂದು ಕಡೆ ಹೊಸ ಜುಬ್ಬಾದ ಮೇಷ್ಟ್ರು. ನನ್ನ ಬಾಯಲ್ಲಿ ಬರುವ ಪ್ರತಿ ವಾಕ್ಯದಲ್ಲೂ ಅವರ ಪಾಲಿತ್ತು. ಇನ್ನೊಂದು ಕಡೆ ಕಿವಿ ಮಂದದ ಗಂಡು ಹುಡುಕಲು ಹೇಳಿದ ಜಯಮ್ಮ. ಅವರ ವಿರುದ್ಧ ವಾದ ಹುಡುಕಿದೆ. ಜಗಳಗಂಟಿ, ಹೌದು. ಕಾಯ್ದೆ ಗೊತ್ತಿಲ್ಲ, ಹೌದು. ಒಂದು ಟ್ಯಾಂಕರ್ ಹಂಚಿದವರು ಊರನ್ನೇ ಹಂಚಬಲ್ಲರೆಂದು ಹೇಗೆ ಹೇಳುವುದು? ಹೇಳಲಾಗದು. ಎಲ್ಲ ವಾದಗಳೂ ಸರಿಯಾಗಿದ್ದವು. ಒಂದು ಚೊಂಬು ಮಾತ್ರ ಅವುಗಳ ನಡುವೆ ಬಂದು ಬಂದು ನಿಲ್ಲುತ್ತಿತ್ತು.

ನಾನು ಹೆಜ್ಜೆ ಎಳೆಯುತ್ತಿದ್ದಾಗ ಮೇಷ್ಟ್ರು ಬಗ್ಗಿ ತಮ್ಮ ಮನೆಯ ತಾಮ್ರದ ಬಿಂದಿಗೆ ಎತ್ತಿಕೊಂಡರು. ತಮ್ಮ ವೃತ್ತ ದಾಟಿ ಹೋಗಿ ಅದನ್ನು ಜಯಮ್ಮನ ವೃತ್ತದಲ್ಲಿಟ್ಟರು. ಇಟ್ಟು, ಸೋತ ಸ್ಪರ್ಧಿ ತೀರ್ಪುಗಾರರಿಗೆ ಮುಗಿಯುವ ಹಾಗೆ, ನನಗೆ ಕಲಿಸಿದ ಹಾಗೇ, ಬೀದಿಗೆ ಕೈ ಮುಗಿದರು.

"ಏನ್ ಮೇಷ್ಟ್ರೇ, ಜುಬ್ಬಾ ದಂಡ ಆಯ್ತಲ್ಲ!" ಎಂದರು ಜಯಮ್ಮ. ದನಿ ಮೊದಲ ಬಾರಿಗೆ ಸಣ್ಣದಾಗಿತ್ತು.

"ಪ್ರಚಾರಕ್ಕೆ ಹಾಕ್ಕೋತೀನಮ್ಮ. ನಿಮ್ಮ ಹಿಂದೆ ನಡೆಯೋರು ಒಬ್ಬರಾದ್ರೂ ನೀಟಾಗಿರ್ಬೇಡ್ವೆ?"

ನಾನು ನಮ್ಮ ಬಿಂದಿಗೆಯನ್ನು ತಾಮ್ರದ ಬಿಂದಿಗೆಯ ಪಕ್ಕ ಇಟ್ಟೆ. ಕೊನೆಗೆ ಜಯಮ್ಮನ ವೃತ್ತದಲ್ಲಿ ಜಾಗ ಸಾಲದೆ ಅಪ್ಪ ಅದರ ಗೆರೆ ಅಳಿಸಿ ದೊಡ್ಡದು ಮಾಡಬೇಕಾಯಿತು. ಬಿಂದಿಗೆ ಕುಕ್ಕಿ ಹೋದವರದ್ದೂ ಅಲ್ಲಿತ್ತು, ತಳ ಸ್ವಲ್ಪ ನೆಗ್ಗಿದ್ದು.

ಆಮೇಲಿನ ದಿನಗಳು ಹಬ್ಬ. ಕೊಟ್ಟ ಮಾತಿನಂತೆ ಬೀದಿಬೀದಿಯಲ್ಲಿ ನಾನು ಜಯಮ್ಮನ ಪರ ಮಾತಾಡಿದೆ. ಈ ಸಲ ಚೀಟಿ ಎತ್ತಿರಲಿಲ್ಲ. ಆದ್ದರಿಂದಲೋ ಏನೋ, ಮೊದಮೊದಲು ನಾಲಿಗೆ ತಡವರಿಸಿತು. ಬಸವರಾಜಪ್ಪನವರು ಬಾವುಟಕ್ಕೆ ಬಟ್ಟೆ ಕೊಟ್ಟರು. ಮೇಷ್ಟ್ರು ಜಯಮ್ಮನಿಗೆ ಸಂಜೆ ಸಂಜೆ ಕಾಯ್ದೆ ಓದಿ ಹೇಳಿದರು. ಜಯಮ್ಮ ಪ್ರತಿ ಕಲಮಿನ ಜೊತೆಗೂ ಜಗಳವಾಡಿದರು.

ಜಯಮ್ಮ ಸೋತರು. ನಮ್ಮ ಕಡೆಯ ಓಟೆಲ್ಲ ಅವರಿಗೇ ಬಿದ್ದಂತಿತ್ತು, ಆದರೆ ವಾರ್ಡು ದೊಡ್ಡದು. ದೂರದ ಬೀದಿಗಳವರು ಅವರ ದನಿ ಕೇಳಿದ್ದರೇ ಹೊರತು ಕೆಲಸ ನೋಡಿರಲಿಲ್ಲ.

ಫಲಿತಾಂಶದ ಮಾರನೆಯ ದಿನ ಮಂಗಳವಾರ. ಆರು ಗಂಟೆಗೆ ಟ್ಯಾಂಕರ್ ಬಂತು. ನಂಜುಂಡ ಇಡ್ಲಿಯ ತಟ್ಟೆ ಹಿಡಿದು ಕೂತಿದ್ದ. ಜಯಮ್ಮ ಬರುತ್ತಾರೋ ಇಲ್ಲವೋ ಎಂದು ಬೀದಿಯೆಲ್ಲ ಮುಖ ಮುಖ ನೋಡಿಕೊಳ್ಳುವಾಗ ಅವರು ಬಂದರು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ.

"ಏನು, ಸಾವಿನ ಮನೆ ಥರ ನಿಂತಿದೀರಾ? ಓಟು ಹಾಕ್ದೋರು, ಹಾಕ್ದೆ ಇರೋರು, ಎಲ್ಲಾ ಒಂದೇ ಸಾಲು! ಮೊದಲು ಎರಡೆರಡು!" ಆಮೇಲೆ ನನ್ನ ಕಡೆ ತಿರುಗಿದರು. "ನೀನು ಓಟೇ ಇಲ್ದೋಳು. ಬಾ, ಪೈಪ್ ಹಿಡ್ಕೋ."

ಆವತ್ತು ಎಲ್ಲ ಬಿಂದಿಗೆಗಳಿಗೂ ಪೈಪು ಹಿಡಿದವಳು ನಾನು. ಪ್ರತಿಯೊಂದೂ ಕಂಠದವರೆಗೆ ಬಂದ ಮೇಲೇ ಮುಂದಿನದಕ್ಕೆ ಸರಿಸಿದೆ.

ಕಳೆದ ವಾರವೂ ಅಷ್ಟೇ. "ಈಗ ನಂಗೂ ಓಟಿದೆ ಆಂಟಿ, ಮರ್ಯಾದೆಯಿಂದ ಮಾತಾಡ್ಸಿ," ಎಂದೆ. ಜಯಮ್ಮ ನನ್ನ ಚೀಲ ಕಿತ್ತುಕೊಂಡು ಮರದ ಬುಡದಲ್ಲಿಟ್ಟು ಪೈಪನ್ನು ನನ್ನ ಕೈಗೆ ತುರುಕಿದರು. ಸಾಲಿನಲ್ಲಿ ಮೊದಲು ನಿಂತಿದ್ದುದು ತಳ ನೆಗ್ಗಿದ ಆ ಹಳೆಯ ಬಿಂದಿಗೆ.